ಮುಂದೆ ನೂರು ವರ್ಷದ ಗೋಡೆ, ಹಿಂದೆ 52 ಮಹಡಿ: ಇದನ್ನ ಉಳಿಸಿದ್ದು ಅನ್ನಬಹುದಾ?

ಹಳೇಕಮಾನು

ಒಂದು ಹೊಸ ವಸತಿ ಗೋಪುರದ ನಕ್ಷೆಗಳು ಸಿಕ್ಕಿವೆ. ಇನ್ನೂ ಅನುಮತಿ ಹಂತದಲ್ಲಿದೆ. ಹಾಗಾಗಿ ಯಾವ ಊರು, ಯಾರದ್ದು ಅನ್ನೋದು ಸದ್ಯಕ್ಕೆ ಬೇಡ.

ಒಟ್ಟು 52 ಮಹಡಿ. ರಸ್ತೆ ಕಡೆಗೆ ಮೂರು ಹಳೇ ಕಟ್ಟಡಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಎಲ್ಲವೂ ಮೂರಂತಸ್ತು. ಕೆಂಪು ಇಟ್ಟಿಗೆ, ಕಿಟಕಿ ಮೇಲೆ ಕಲ್ಲಿನ ಕಮಾನು, ನಡುವಿನ ಕಟ್ಟಡಕ್ಕೆ ನಾಲ್ಕು ಮೆಟ್ಟಿಲು ಹತ್ತಿ ಹೋಗುವ ದೊಡ್ಡ ಜೋಡಿ ಬಾಗಿಲು. ಇವುಗಳ ಮುಂಗೋಡೆ ಉಳಿಸಿಕೊಂಡು, ಒಳಗಿದ್ದದ್ದನ್ನೆಲ್ಲ ತೆಗೆದು, ಹಿಂದೆ ಗೋಪುರ ಕಟ್ಟುತ್ತಾರೆ. ಹಳೇ ಗೋಡೆಯ ಎತ್ತರ ದಾಟಿದ ಮೇಲೆ ಗೋಪುರ 4 ಮೀಟರ್ ಹಿಂದೆ ಸರಿದಿದೆ. ಬಣ್ಣವೂ ಇಟ್ಟಿಗೆಗೆ ಹೊಂದುವ ಮಣ್ಣಿನ ಬಣ್ಣ.

ನನಗಂತೂ ಇಷ್ಟ ಆಯ್ತು. ರಸ್ತೆಯಲ್ಲಿ ನಡೆಯೋನಿಗೆ ಹಳೇ ಬೀದಿಯೇ ಕಾಣುತ್ತೆ, ತಲೆ ಎತ್ತಿದರೆ ಮಾತ್ರ ಹೊಸದು. ನಿಮಗೆ ಏನನ್ನಿಸುತ್ತೆ?

ಸುಮ್ನೆ_ನೋಡ್ತೀನಿ

ಮೇಲೆ ಥಳಕು, ಒಳಗೆ ಹುಳುಕು ಅಂತ ಕೇಳಿದ್ದೆ. ಇಲ್ಲಿ ಒಳಗೆ ಹುಳುಕೂ ಇಲ್ಲ, ಒಳಗೇ ಇಲ್ಲ.

ಎತ್ತರ_ಪ್ರಿಯ

ತಮಾಷೆ ಸರಿ, ಆದರೆ ಬೇರೆ ದಾರಿ ಏನಿದೆ ಹೇಳಿ? ಊರಿನ ನಡುವೆ ಜಾಗ ಬಂಗಾರ. ಮೂರಂತಸ್ತಿನ ಕಟ್ಟಡವನ್ನ ಹಾಗೇ ಬಿಟ್ಟರೆ ಮಾಲೀಕ ರಿಪೇರಿ ಮಾಡೋದಿಲ್ಲ. ಸೋರಲಿ, ಬೀಳಲಿ ಅಂತ ಕಾಯ್ತಾನೆ. ಆಮೇಲೆ ಅಪಾಯಕಾರಿ ಅಂತ ಬೋರ್ಡು ಹಾಕಿ ಒಂದೇ ದಿನದಲ್ಲಿ ಕೆಡವುತ್ತಾನೆ. ಗೋಡೆಯಾದರೂ ಉಳಿಯಿತಲ್ಲ ಅನ್ನೋದು ನನ್ನ ವಾದ.

ಶಿಕಾಗೋದ ಲೆಗಸಿ ಅಟ್ ಮಿಲೇನಿಯಂ ಪಾರ್ಕ್ ನೋಡಿ. ಸುಮಾರು 250 ಮೀಟರ್ ಎತ್ತರದ ವಸತಿ ಗೋಪುರ, 70ಕ್ಕೂ ಜಾಸ್ತಿ ಮಹಡಿ. ವಾಬಾಷ್ ಅವೆನ್ಯೂದಲ್ಲಿ ಒಡವೆ ವ್ಯಾಪಾರಿಗಳ ಹಳೇ ಕಟ್ಟಡಗಳಿದ್ದ ಸಾಲು. ಅಲ್ಲಿನ ಮುಂಗೋಡೆಗಳನ್ನ ಉಳಿಸಿಕೊಂಡು ಹಿಂದೆ ಎದ್ದಿದೆ. ಆ ರಸ್ತೆಯಲ್ಲಿ ರೈಲು ತಲೆ ಮೇಲೇ ಓಡುತ್ತೆ. ಅದರ ಕೆಳಗೆ ನಿಂತವನ ಕಣ್ಣಿಗೆ ಬೀಳೋದು ಹಳೇ ಸಾಲೇ.

ಕಬ್ಬಿಣದ_ಆಸರೆ

ಇಂಥ ಎರಡು ಸೈಟಿನಲ್ಲಿ ಕೆಲಸ ಮಾಡಿದ್ದೇನೆ. ನಕ್ಷೆಯಲ್ಲಿ "ಮುಂಗೋಡೆ ಉಳಿಸಿಕೊಳ್ಳುವುದು" ಅಂತ ಒಂದು ಸಾಲು ಇರುತ್ತೆ. ಸೈಟಿನಲ್ಲಿ ಅದು ತಿಂಗಳುಗಟ್ಟಲೆ ತಲೆನೋವು.

ಹಳೇ ಕಟ್ಟಡದಲ್ಲಿ ಮುಂಗೋಡೆ ತನ್ನಷ್ಟಕ್ಕೆ ನಿಂತಿರೋದಿಲ್ಲ. ಅದಕ್ಕೆ ಬಂದು ಕೂತ ತೊಲೆ, ನೆಲ, ಅಡ್ಡಗೋಡೆ ಎಲ್ಲ ಸೇರಿ ಹಿಡಿದಿರುತ್ತವೆ. ಅವನ್ನ ಬಿಚ್ಚಿದ ಮೇಲೆ ಉಳಿಯೋದು 12 ಮೀಟರ್ ಎತ್ತರದ, ಅರ್ಧ ಮೀಟರೂ ದಪ್ಪ ಇಲ್ಲದ ಒಂದು ಇಟ್ಟಿಗೆ ಹಾಳೆ. ಜೋರು ಗಾಳಿ ಬಂದರೂ ಭಯ. ಹಾಗಾಗಿ ಒಂದು ಇಟ್ಟಿಗೆ ಅಲ್ಲಾಡಿಸುವ ಮುಂಚೆ ಉಕ್ಕಿನ ಚೌಕಟ್ಟು ನಿಲ್ಲಿಸಬೇಕು. ಕಿಟಕಿಗಳ ಮೂಲಕ ಉಕ್ಕಿನ ತೊಲೆ ತೂರಿಸಿ, ಗೋಡೆಯ ಒಳಗೊಂದು ಹೊರಗೊಂದು ಪಟ್ಟಿ ಕೊಟ್ಟು, ಇಕ್ಕಳದಲ್ಲಿ ಹಿಡಿದ ಹಾಗೆ ಹಿಡೀತೀವಿ. ಸಂದಿಗೆ ಮರದ ಬೆಣೆ. ಚೌಕಟ್ಟು ಉರುಳದಿರಲಿ ಅಂತ ಬುಡದಲ್ಲಿ ಕಾಂಕ್ರೀಟ್ ದಿಮ್ಮಿಗಳ ಭಾರ. ಆಮೇಲೆ ಮೇಲಿನಿಂದ ಒಂದೊಂದೇ ಮಹಡಿ ಇಳಿಸುತ್ತಾ ಬರಬೇಕು.

ಬಿರುಕು ಇದ್ದ ಕಡೆ ಒಂದು ಚಿಕ್ಕ ಸಾಧನ ಅಂಟಿಸಿರುತ್ತೀವಿ. ಎರಡು ಪ್ಲಾಸ್ಟಿಕ್ ಪಟ್ಟಿ, ಒಂದರ ಮೇಲೊಂದು. ಕೆಳಗಿನದರಲ್ಲಿ ಮಿಲಿಮೀಟರ್ ಚೌಕಗಳು, ಮೇಲಿನದರಲ್ಲಿ ಕೆಂಪು ಅಡ್ಡಗೆರೆ. ಗೋಡೆ ಸರಿದರೆ ಗೆರೆ ಸರಿಯುತ್ತೆ. ಬೆಳಿಗ್ಗೆ ಸೈಟಿಗೆ ಬಂದವನೇ ನಾನು ನೋಡ್ತಿದ್ದದ್ದು ಅದನ್ನೇ. ಒಂದು ಶನಿವಾರ 2 ಇದ್ದದ್ದು ಸೋಮವಾರ 5 ಆಗಿತ್ತು. ಎದೆ ಧಸಕ್ ಅಂತು. ಕೆಲಸ ಪೂರ್ತಿ ನಿಲ್ಲಿಸಿದೆವು. ಹುಡುಕಿದರೆ, ನೆಲಮಾಳಿಗೆಗೆ ತೋಡಿದ ಗುಂಡಿಯಿಂದ ಎರಡು ದಿನ ಬಿಡದೆ ನೀರು ಪಂಪ್ ಮಾಡಿದ್ದರು. ನೀರಿನ ಜೊತೆ ಗೋಡೆ ಪಾಯದ ಕೆಳಗಿನ ಮಣ್ಣೂ ಸಡಿಲ ಆಗ್ತಿತ್ತು.

ಎತ್ತರ_ಪ್ರಿಯ

ಇಷ್ಟೆಲ್ಲ ಕಷ್ಟಕ್ಕಿಂತ ಬಿಚ್ಚಿಟ್ಟು ಮತ್ತೆ ಜೋಡಿಸಿದರೆ ಆಗಲ್ವಾ?

ಕಬ್ಬಿಣದ_ಆಸರೆ

ಕಲ್ಲಾದರೆ ಆಗುತ್ತೆ. ಪ್ರತಿ ಕಲ್ಲಿಗೂ ನಂಬರ್ ಹಾಕಿ ಬಿಚ್ಚಬಹುದು. ಟೊರಾಂಟೋದಲ್ಲಿ 1845ರ ಒಂದು ಬ್ಯಾಂಕಿನ ಮುಂಗೋಡೆಯನ್ನ ಹಾಗೆ ಬಿಚ್ಚಿ, ಬ್ರೂಕ್‌ಫೀಲ್ಡ್ ಪ್ಲೇಸ್‌ನ ಗಾಜಿನ ಚಾವಣಿ ಕೆಳಗೆ ಮತ್ತೆ ಕಟ್ಟಿದ್ದಾರೆ. ಈಗ ಅದರ ಮೇಲೆ ಮಳೆ ಹನಿಯೂ ಬೀಳಲ್ಲ. ಇಟ್ಟಿಗೆಗೆ ಆ ಆಟ ನಡೆಯಲ್ಲ. ಬಿಚ್ಚುವಾಗ ಎಷ್ಟೋ ಒಡೆದು ಹೋಗುತ್ತವೆ. ಕೊನೆಗೆ ಹೊಸ ಇಟ್ಟಿಗೆಯಲ್ಲಿ ಹಳೇ ಚಿತ್ರ ಬಿಡಿಸಿದ ಹಾಗಾಗುತ್ತೆ.

ಇನ್ನೊಂದು ಮಾತು, ಯಾರೂ ಯೋಚಿಸದೇ ಇರೋದು. ಹೊಸ ಕಾಂಕ್ರೀಟು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋಗುತ್ತೆ. ಗೋಪುರದ ಭಾರಕ್ಕೆ ಪಾಯವೂ ಇಳಿಯುತ್ತೆ. ಹಳೇ ಗೋಡೆ ಯಾವತ್ತೋ ಇಳಿದು ಸುಮ್ಮನೆ ಕೂತಿದೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಹೊಸದು ಇಳಿಯುವಾಗ ಹಳೇದನ್ನ ಜಗ್ಗುತ್ತೆ. ಅದಕ್ಕೇ ನಡುವಿನ ಕೊಂಡಿ ಹಿಂದೆ ಮುಂದೆ ಅಲ್ಲಾಡಬಾರದು, ಮೇಲೆ ಕೆಳಗೆ ಮಾತ್ರ ಜಾರಬೇಕು. ಇಷ್ಟು ಹತ್ತಿರ ಇದ್ದರೂ ಅವೆರಡೂ ಕೊನೆವರೆಗೂ ಬೇರೆ ಬೇರೆ ಸಂಸಾರವೇ.

ಕಮಾನಿನ_ಹಿಂದಿನವಳು

ನಾನು ಇಂಥದ್ದೇ ಒಂದು ಕಟ್ಟಡದಲ್ಲಿ ಆರು ವರ್ಷದಿಂದ ಇದ್ದೇನೆ. ಯಾರು ಕಟ್ಟಿದ್ದು ಅಂತ ಕೇಳಬೇಡಿ.

ಮನೆ ತಗೊಳ್ಳುವಾಗ ಬ್ರೋಷರ್‌ನಲ್ಲಿ "ಪಾರಂಪರಿಕ ಕಮಾನು ಕಿಟಕಿ" ಅಂತ ದೊಡ್ಡ ಫೋಟೋ ಇತ್ತು. ಕಿಟಕಿ ಇರೋದು ನಿಜ. ಆದರೆ ಅರ್ಧ ನನ್ನದು, ಅರ್ಧ ಮೇಲಿನ ಮನೆಯವರದ್ದು. ಹೊಸ ನೆಲ ಹಳೇ ಕಿಟಕಿಯ ಸರಿಯಾಗಿ ಹೊಟ್ಟೆಗೆ ಬಂದಿದೆ. ನನ್ನ ಹಾಲ್‌ನಲ್ಲಿ ನಿಂತರೆ ಕಿಟಕಿಯ ಕೆಳಭಾಗ ಚಾವಣಿಗೆ ಒತ್ತಿಕೊಂಡು ಕಾಣುತ್ತೆ. ಬಹಳ ಇಷ್ಟಪಟ್ಟ ಕಮಾನು ಮೇಲಿನವರ ಮೊಣಕಾಲ ಹತ್ತಿರ ಇದೆ. ಅವರಿಗೂ ಅದರಿಂದ ಸುಖ ಇಲ್ಲ ಪಾಪ, ಬಗ್ಗಿ ನೋಡಬೇಕು.

ನನ್ನ ಗಾಜು ಹಳೇ ಗೋಡೆಗೆ ಅಂಟಿಕೊಂಡಿಲ್ಲ, ಒಂದು ಮೊಳ ಹಿಂದಿದೆ. ಆ ಸಂದಿಯಲ್ಲಿ ಪಾರಿವಾಳಗಳ ಸಂಸಾರ. ಗಾಜು ತೆಗೆಯೋಕೆ ಬರಲ್ಲ, ಹೊರಗಿನಿಂದ ಕೈ ಹಾಕೋಕೂ ಆಗಲ್ಲ. ವರ್ಷಕ್ಕೆರಡು ಸಲ ಹಗ್ಗ ಕಟ್ಟಿಕೊಂಡು ಒಬ್ಬರು ಇಳಿದು ಬಂದು ಕೆರೆದು ಹೋಗ್ತಾರೆ. ಆ ದಿನ ಕಮಾನು ಚೆಂದ ಕಾಣುತ್ತೆ, ಸುಳ್ಳು ಹೇಳಲ್ಲ.

ಸುಮ್ನೆ_ನೋಡ್ತೀನಿ

ಬ್ರೋಷರ್‌ನಲ್ಲಿ ಪಾರಿವಾಳ ಇರಲಿಲ್ವಾ ಮೇಡಂ?

ಕಮಾನಿನ_ಹಿಂದಿನವಳು

ಇತ್ತು. ಆಕಾಶದಲ್ಲಿ ಹಾರ್ತಾ ಇತ್ತು.

ಕೆಂಪುಪೆನ್ಸಿಲ್

ಇವರು ಹೇಳಿದ ಕಾಯಿಲೆಗೆ ಬಹುಮಾನವೂ ಬಂದಿದೆ. ಲಂಡನ್ನಿನ ಕ್ಯಾಲೆಡೋನಿಯನ್ ರಸ್ತೆಯಲ್ಲಿ 465ನೇ ನಂಬರಿನ ವಿದ್ಯಾರ್ಥಿ ವಸತಿ ಕಟ್ಟಡಕ್ಕೆ 2013ರ ಕಾರ್ಬಂಕಲ್ ಕಪ್ ಕೊಟ್ಟರು. ಬ್ರಿಟನ್ನಿನ ಆ ವರ್ಷದ ಅತಿ ಕೆಟ್ಟ ಕಟ್ಟಡ ಅಂತ ಪತ್ರಿಕೆಯೊಂದು ಕೊಡುತ್ತಿದ್ದ ಬಿರುದು ಅದು. ಹಳೇ ಉಗ್ರಾಣದ ಮುಂಗೋಡೆ ಹಾಗೇ ನಿಂತಿದೆ, ಹೊಸ ಕೋಣೆಗಳ ಕಿಟಕಿ ಹಿಂದೆ ಎಲ್ಲೋ ಇವೆ. ಎರಡಕ್ಕೂ ತಾಳೆ ಇಲ್ಲ. ಕಿಟಕಿ ತೆರೆದ ಹುಡುಗನಿಗೆ ಎದುರಿಗೆ ಇಟ್ಟಿಗೆ. ತಮಾಷೆ ಅಂದರೆ ಅಲ್ಲಿನ ಕೌನ್ಸಿಲ್ ಮೊದಲು ಬೇಡ ಅಂದಿತ್ತು, ಮೇಲ್ಮನವಿಯಲ್ಲಿ ಅನುಮತಿ ಸಿಕ್ಕಿತು.

ಹಳೇಕಮಾನು ಅವರೇ, ನಿಮ್ಮ ನಕ್ಷೆಯಲ್ಲಿ ಸೆಕ್ಷನ್ ಇದೆಯಾ? ಎದುರಿನ ಚಿತ್ರ ಬಿಡಿ, ಅದು ಮದುವೆ ಫೋಟೋ ಇದ್ದ ಹಾಗೆ. ಕಟ್ಟಡವನ್ನ ಕತ್ತರಿಸಿ ಪಕ್ಕದಿಂದ ತೋರಿಸಿದ ಚಿತ್ರ ನೋಡಿ. ಹಳೇ ಅಂತಸ್ತಿನ ಎತ್ತರ ಎಷ್ಟು, ಹೊಸದರದ್ದು ಎಷ್ಟು?

ಹಳೇಕಮಾನು

ಇದೆ, ಈಗ ನೋಡಿದೆ. ಹಳೇದು ಅಂತಸ್ತಿಗೆ 4.2 ಮೀಟರ್. ಹೊಸದು 3 ಮೀಟರ್. ಹಳೇ ಮೂರಂತಸ್ತಿನ ಜಾಗದಲ್ಲಿ ನಾಲ್ಕು ಕೂರಿಸಿದ್ದಾರೆ.

ಕೆಂಪುಪೆನ್ಸಿಲ್

ಹಾಗಾದರೆ ಕೂತು ಲೆಕ್ಕ ಹಾಕಿ. ಹೊಸ ಸ್ಲ್ಯಾಬು 3, 6, 9, 12 ಮೀಟರಿಗೆ ಬರುತ್ತೆ. ಹಳೇ ಎರಡನೇ ಅಂತಸ್ತಿನ ನೆಲ 4.2ಕ್ಕೆ. ಕಿಟಕಿ ಅದರ ಮೇಲೆ 90 ಸೆಂಟಿಮೀಟರ್ ಬಿಟ್ಟು ಶುರುವಾಗಿ 2.4 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಅಂದರೆ 5.1ರಿಂದ 7.5. ಅದರ ನಡುವೆ 6ನೇ ಮೀಟರಿಗೆ ಸ್ಲ್ಯಾಬು! ಮೂರನೇ ಅಂತಸ್ತಿನ ಕಿಟಕಿ 9.3ಕ್ಕೆ ಶುರು, ಹೊಸ ನೆಲ 9ಕ್ಕೆ. ಆ ಮನೆಯವರಿಗೆ ಕಿಟಕಿ ಪಾದದಿಂದ ಒಂದಡಿ ಮೇಲಿಂದ. ಮಗು ಇದ್ದವರು ಮೊದಲ ದಿನವೇ ಕಂಬಿ ಹಾಕಿಸ್ತಾರೆ.

ಪರಿಹಾರ ಇಲ್ಲ ಅಂತಲ್ಲ. ಕೆಳಗಿನ ಮೂರಂತಸ್ತನ್ನ ಹಳೇ ಎತ್ತರಕ್ಕೇ ಬಿಡಬೇಕು. ಅಲ್ಲಿ ಅಂಗಡಿ, ಗ್ರಂಥಾಲಯ, ನಿವಾಸಿಗಳ ಸಭಾಂಗಣ, ಏನಾದರೂ ಮಾಡಿಕೊಳ್ಳಲಿ. ಸಾಲು ಮನೆಗಳು 12.6 ಮೀಟರಿನ ಮೇಲಿಂದ ಶುರುವಾಗಲಿ. ಆದರೆ ಒಂದು ಮಹಡಿಯಷ್ಟು ಮಾರುವ ಜಾಗ ಕೈ ತಪ್ಪುತ್ತೆ. ಗಲಾಟೆ ಎಲ್ಲ ಅದಕ್ಕೇ.

ಸುಣ್ಣದ_ಗಾರೆ

ತಡವಾಗಿ ಬಂದೆ, ಆದರೂ ಹೇಳ್ತೀನಿ. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ಗೋಡೆ ಉಳಿಯಿತಲ್ಲ ಅನ್ನೋ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಐಕೋಮಾಸ್ ಅಂತ ಅಂತರರಾಷ್ಟ್ರೀಯ ಸಂಸ್ಥೆ ಇದೆ, ಪರಂಪರೆಯ ಕಟ್ಟಡಗಳ ವಿಷಯದಲ್ಲಿ ಯುನೆಸ್ಕೋಗೆ ಸಲಹೆ ಕೊಡುತ್ತೆ. ಅವರು 2003ರಲ್ಲಿ ಒಪ್ಪಿದ ತತ್ವಗಳಲ್ಲಿ ಇದು ನೇರವಾಗಿಯೇ ಇದೆ: ಒಳಗಿನ ರಚನೆ ತೆಗೆದು ಬರೀ ಮುಂಗೋಡೆ ಉಳಿಸೋದು ಸಂರಕ್ಷಣೆಯ ಮಾನದಂಡಕ್ಕೆ ಹೊಂದುವುದಿಲ್ಲ. ಸುತ್ತಿ ಬಳಸಿ ಏನೂ ಹೇಳಿಲ್ಲ.

ಒಳಗೆ ಏನಿರುತ್ತೆ ಗೊತ್ತಾ? ಒಂದು ಕಟ್ಟಡದಲ್ಲಿ ನಾನು ನೋಡಿದ್ದು ಹೇಳ್ತೀನಿ. ಮರದ ಮೆಟ್ಟಿಲು. ಪ್ರತಿ ಮೆಟ್ಟಿಲ ಎಡಭಾಗ ಸವೆದಿತ್ತು, ಬಲಭಾಗ ಹೊಸದರಂತೆ ಇತ್ತು. ಕಟಕಟೆ ಇದ್ದದ್ದು ಎಡಕ್ಕೆ. ಹತ್ತೋರು ಇಳಿಯೋರು ಎಲ್ಲ ಅದನ್ನೇ ಹಿಡಿದು ಹೋಗಿದ್ದಾರೆ, ನೂರು ವರ್ಷ. ಆ ಮೆಟ್ಟಿಲು ಒಂದು ಮಧ್ಯಾಹ್ನದಲ್ಲಿ ಲಾರಿ ಸೇರಿತು. ಮುಂಗೋಡೆ ಮಾತ್ರ "ಸಂರಕ್ಷಿತ".

ಅದನ್ನಾದರೂ ಸರಿಯಾಗಿ ಮಾಡಿದರಾ? ಇಟ್ಟಿಗೆ ಸಂದಿಯ ಹಳೇ ಸುಣ್ಣದ ಗಾರೆ ಕೆರೆದು ಸಿಮೆಂಟ್ ತುಂಬಿದರು. ನೋಡೋಕೆ ನೀಟಾಗಿತ್ತು. ಸುಣ್ಣದ ಗಾರೆ ಮೆತ್ತಗಿರುತ್ತೆ, ಗೋಡೆ ಹೀರಿದ ತೇವ ಅದರ ಮೂಲಕ ಹೊರಗೆ ಹೋಗುತ್ತೆ. ಸಿಮೆಂಟ್ ಬಿಡಲ್ಲ. ತೇವ ಇಟ್ಟಿಗೆಯಲ್ಲೇ ಉಳಿದು ಉಪ್ಪು ಕಟ್ಟುತ್ತೆ. ಮೂರೇ ವರ್ಷಕ್ಕೆ ಇಟ್ಟಿಗೆಗಳ ಮುಖ ಹಪ್ಪಳದ ಹಾಗೆ ಎದ್ದು ಉದುರೋಕೆ ಶುರುವಾಯ್ತು. ಈಗ ದೂರದಿಂದ ನೋಡಿದರೆ ಸಿಮೆಂಟಿನ ಜೇನುಗೂಡು, ಒಳಗೆ ಇಟ್ಟಿಗೆ ಗುಳಿ ಬಿದ್ದಿದೆ. ಬರೆದು ಕೊಟ್ಟಿದ್ದೆ ಅವರಿಗೆ, ಸುಣ್ಣವೇ ಬೇಕು ಅಂತ.

ಹಿತ್ತಲು_ನೋಡಿದವ

ಸುಣ್ಣದ ಗಾರೆ ಅವರ ಸಿಟ್ಟು ಅರ್ಥ ಆಗುತ್ತೆ. ಆದರೂ ಒಂದು ಉಲ್ಟಾ ಪ್ರಶ್ನೆ. ಮುಖ ಬೇರೆ ಒಳಗು ಬೇರೆ ಅನ್ನೋದು ಈಗಿನವರ ಮೋಸ ಮಾತ್ರವಾ?

ಇಂಗ್ಲೆಂಡಿನ ಬಾತ್ ಊರಿನ ರಾಯಲ್ ಕ್ರೆಸೆಂಟ್ ಎಲ್ಲರಿಗೂ ಗೊತ್ತು. ಅರ್ಧ ಚಂದ್ರದ ಹಾಗೆ ಬಾಗಿದ 30 ಮನೆಗಳ ಸಾಲು. 1767ರಲ್ಲಿ ಶುರುವಾಯ್ತು. ವಾಸ್ತುಶಿಲ್ಪಿ ಜಾನ್ ವುಡ್ ಕಿರಿಯ ವಿನ್ಯಾಸ ಮಾಡಿದ್ದು ಮುಂಗೋಡೆಯನ್ನ. ಜನ ಆ ಮುಖದ ಒಂದೊಂದು ತುಂಡು ಕೊಂಡು, ಹಿಂದೆ ತಮಗೆ ಬೇಕಾದ ಮೇಸ್ತ್ರಿ, ಬೇಕಾದ ವಿನ್ಯಾಸದಲ್ಲಿ ಮನೆ ಕಟ್ಟಿಸಿಕೊಂಡರು. ಮುಂದಿನಿಂದ ಅರಮನೆ. ಹಿತ್ತಲಿಗೆ ಹೋಗಿ ನೋಡಿ, ಒಂದು ಮನೆ ಎತ್ತರ, ಒಂದು ಗಿಡ್ಡ, ಒಂದು ಮುಂದಕ್ಕೆ ಚಾಚಿದೆ. ಅದನ್ನ ಯಾರೂ ಮುಖವಾಡ ಅನ್ನಲ್ಲ. ಕೊಂಡಾಡ್ತೀವಿ.

ಸುಣ್ಣದ_ಗಾರೆ

ಒಳ್ಳೇ ಏಟು ಕೊಟ್ಟಿರಿ. ಆದರೆ ಅಲ್ಲಿ ಮುಖದ ಹಿಂದೆ ಮನೆ ಇದೆ ಸ್ವಾಮಿ. ಆ ಬಾಗಿಲಿನಲ್ಲಿ ಹೋದರೆ ಅದೇ ಮನೆಯ ನಡುಮನೆ ಸಿಗುತ್ತೆ. ಆ ಕಿಟಕಿಯಲ್ಲಿ ದೀಪ ಕಂಡರೆ ಅಲ್ಲಿ ಯಾರೋ ಕೂತಿದ್ದಾರೆ ಅಂತ ಅರ್ಥ. ನನ್ನ ಜಗಳ ಒಳಗೆ ಹೊಸದು ಮಾಡಿದ್ದಕ್ಕಲ್ಲ. ಗೋಡೆಗೂ ಒಳಗಿಗೂ ಮಾತುಕತೆಯೇ ನಿಂತು ಹೋಗಿದ್ದಕ್ಕೆ.

ಗಾಳಿಹಕ್ಕು

ದುಡ್ಡಿನ ಕಡೆಯಿಂದ ನೋಡೋಣ. ಇಡೀ ಕಟ್ಟಡವನ್ನೇ ಉಳಿಸಿ ಪಕ್ಕದಲ್ಲಿ ಎತ್ತರ ಕಟ್ಟಲು ಒಂದು ದಾರಿ ಇದೆ. ಹಳೇ ಕಟ್ಟಡಕ್ಕೆ ಇನ್ನೂ ಕಟ್ಟಬಹುದಾಗಿದ್ದ, ಆದರೆ ಕಟ್ಟದೆ ಬಿಟ್ಟ ಎತ್ತರದ ಹಕ್ಕು ಇರುತ್ತಲ್ಲ, ಅದನ್ನ ಪಕ್ಕದ ಜಾಗಕ್ಕೆ ಮಾರೋದು.

ನ್ಯೂಯಾರ್ಕಿನಲ್ಲಿ ಇದು ಚೆನ್ನಾಗಿ ನಡೆದಿದೆ. ಬ್ರೂಕ್ಲಿನ್ ಟವರ್ ಸುಮಾರು 325 ಮೀಟರ್. ಅದರ ಬುಡದಲ್ಲಿ 1908ರ ಡೈಮ್ ಸೇವಿಂಗ್ಸ್ ಬ್ಯಾಂಕ್ ಗುಮ್ಮಟದ ಸಮೇತ ಉಳಿದಿದೆ. ಬ್ಯಾಂಕಿನ ಬಳಸದ ಹಕ್ಕೇ ಗೋಪುರದ ಎತ್ತರಕ್ಕೆ ಒದಗಿದ್ದು. 57ನೇ ಬೀದಿಯಲ್ಲಿ 1925ರ ಸ್ಟೈನ್‌ವೇ ಹಾಲ್ ಇದೆ, ಪಿಯಾನೋ ಕಂಪನಿ ಕಟ್ಟಿಸಿದ್ದು. ಅದಕ್ಕೆ ಅಂಟಿಕೊಂಡು 435 ಮೀಟರ್ ಎತ್ತರದ, ಕಡ್ಡಿಯಂಥ ಗೋಪುರ ಎದ್ದಿದೆ. ಅಗಲ ಒಂದಾದರೆ ಎತ್ತರ 24! ಒಟ್ಟು 60 ಮನೆ, ಅದರಲ್ಲಿ 14 ಹಳೇ ಕಟ್ಟಡದೊಳಗೇ. ಕೆಳಗಿನ ಗುಮ್ಮಟ ಚಾವಣಿಯ ಸ್ವಾಗತ ಕೋಣೆಯ ಒಳಾಂಗಣಕ್ಕೂ ಕಾನೂನಿನ ರಕ್ಷಣೆ ಇದೆ.

ಇದರ ಹಿಂದೆ ಒಂದು ದೊಡ್ಡ ಕೇಸ್ ಇದೆ. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ 55 ಮಹಡಿ ಕೂರಿಸ್ತೀವಿ, ಮುಂಗೋಡೆ ಹಾಗೇ ಬಿಡ್ತೀವಿ ಅಂತ ಮಾಲೀಕರು ಹೊರಟಿದ್ದರು. ನಗರದ ಪರಂಪರಾ ಆಯೋಗ ಅದನ್ನ ಸೌಂದರ್ಯದ ಹೆಸರಿನ ತಮಾಷೆ ಅನ್ನೋ ಅರ್ಥದಲ್ಲಿ ತಳ್ಳಿಹಾಕಿತು. ಸುಪ್ರೀಂ ಕೋರ್ಟಿಗೆ ಹೋಯ್ತು. 1978ರಲ್ಲಿ ನಗರವೇ ಗೆದ್ದಿತು. ಎತ್ತರದ ಹಕ್ಕನ್ನ ಬೇರೆ ಜಾಗಕ್ಕೆ ಸಾಗಿಸಬಹುದಲ್ಲ ಅನ್ನೋದೂ ತೀರ್ಪಿನ ಲೆಕ್ಕದಲ್ಲಿ ಇತ್ತು.

ಎತ್ತರ_ಪ್ರಿಯ

ಅವೆಲ್ಲ ಕೋಟಿಗಟ್ಟಲೆ ಬೆಲೆಯ ಮನೆಗಳು. ನಮ್ಮಂಥವರ ಮನೆ ಲೆಕ್ಕದಲ್ಲಿ ಗುಮ್ಮಟ ಉಳಿಸೋಕೆ ಆಗುತ್ತಾ? ಇನ್ನೊಂದು, ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮೊನಿಯಲ್ಲೂ ಒಳಗೆಲ್ಲ ಖಾಲಿ ಮಾಡಿದ್ದೇ ಅಲ್ವಾ? ಜಗತ್ತೇ ಹೊಗಳ್ತಿದೆ.

ಕಬ್ಬಿಣದ_ಆಸರೆ

ಖಾಲಿ ಮಾಡಿದ್ದು ನಿಜ. ಕೋಕೋ, ಚಹಾ, ತಂಬಾಕು ತುಂಬುತ್ತಿದ್ದ ಉಗ್ರಾಣ ಅದು, 1960ರ ದಶಕದ್ದು. ಅದರ ಮೇಲೆ ಸಂಗೀತ ಸಭಾಂಗಣ, ಹೋಟೆಲ್, 45 ಮನೆ, ಎಲ್ಲ ಸೇರಿ ಸುಮಾರು 110 ಮೀಟರ್. 2017ರ ಜನವರಿಯಲ್ಲಿ ತೆರೆಯಿತು. ಆದರೆ ಅಲ್ಲಿ ನಾಲ್ಕೂ ಕಡೆ ಗೋಡೆ ಇದೆ, ಬರೀ ಒಂದು ಹಾಳೆ ಅಲ್ಲ. ಪಾಯದಲ್ಲಿ ಮೊದಲೇ 1,111 ಪೈಲ್ (ನೆಲದಾಳಕ್ಕೆ ಇಳಿಸಿದ ಕಂಬ) ಇದ್ದವು, ಇನ್ನೂ 650 ಸೇರಿಸಿದರು. ಅಂದರೆ ಹಳೇದು ಇವತ್ತಿಗೂ ಭಾರ ಹೊರ್ತಾ ಇದೆ. ಅಲಂಕಾರಕ್ಕೆ ನಿಂತಿಲ್ಲ. ವಿನ್ಯಾಸ ನೋಡುವಾಗ ನಾನು ಮೊದಲು ಕೇಳೋದು ಇದನ್ನೇ: ಹಳೇದಕ್ಕೆ ಏನಾದರೂ ಕೆಲಸ ಉಳಿದಿದೆಯಾ?

ಹಾಂ, ಮುಂಗೋಡೆ ಉಳಿಸಿದ್ದರಿಂದ ಪರಿಸರಕ್ಕೆ ಒಳ್ಳೇದು ಅಂತ ಕೆಲವರು ಜಾಹೀರಾತು ಕೊಡ್ತಾರೆ. ನಂಬಬೇಡಿ. ಕಟ್ಟಡದ ಹೆಚ್ಚಿನ ಭಾರ ಇರೋದು ನೆಲ, ಕಂಬ, ಪಾಯದಲ್ಲಿ. ಅವೆಲ್ಲ ಲಾರಿಯಲ್ಲಿ ಹೋದ ಮೇಲೆ ಒಂದು ಗೋಡೆ ಉಳಿಸಿ ಏನು ಉಳಿತಾಯ? ಅದನ್ನ ಹಿಡಿಯೋಕೆ ತಂದ ಉಕ್ಕಿನ ಲೆಕ್ಕವನ್ನೂ ಯಾರಾದರೂ ಹಾಕಲಿ.

ಕಮಾನಿನ_ಹಿಂದಿನವಳು

ನನ್ನದೊಂದು ಸಣ್ಣ ಪ್ರಶ್ನೆ. ಹಳೇಕಮಾನು ಅವರೇ, ನಡುವಿನ ಕಟ್ಟಡಕ್ಕೆ ನಾಲ್ಕು ಮೆಟ್ಟಿಲು, ಜೋಡಿ ಬಾಗಿಲು ಇದೆ ಅಂದಿರಲ್ಲ. ಮನೆಯವರು ಒಳಗೆ ಹೋಗೋದು ಅದರಲ್ಲೇನಾ? ಯಾಕೆ ಕೇಳ್ತೀನಿ ಅಂದರೆ, ನಮ್ಮ ಕಟ್ಟಡದ ಹಳೇ ಬಾಗಿಲ ಹಿಂದೆ ಕರೆಂಟ್ ಮೀಟರ್‌ಗಳಿವೆ. ಹೊರಗಿನ ಹಿತ್ತಾಳೆ ಹಿಡಿಗೆ ವಾರ ವಾರ ಪಾಲಿಶ್ ಮಾಡ್ತಾರೆ. ತಿರುಗಿಸಿದರೆ ತಿರುಗಲ್ಲ.

ಹಳೇಕಮಾನು

ನೆಲ ಅಂತಸ್ತಿನ ನಕ್ಷೆ ತೆಗೆದು ನೋಡಿದೆ. ನಾಚಿಕೆ ಆಗ್ತಿದೆ, ಇದನ್ನ ಮೊದಲೇ ನೋಡಬೇಕಿತ್ತು.

ಮುಖ್ಯ ಪ್ರವೇಶ ಪಕ್ಕದ ಓಣಿಯಿಂದ, ಕಾರು ಇಳಿಯುವ ಇಳಿಜಾರಿನ ಪಕ್ಕದಲ್ಲಿ. ಲಿಫ್ಟ್ ಲಾಬಿ ಅಲ್ಲೇ. ರಸ್ತೆ ಕಡೆಯ ಎರಡು ಹಳೇ ಅಂಗಡಿ ಬಾಗಿಲುಗಳ ಜಾಗದಲ್ಲಿ ತೆರೆಯದ ಗಾಜು. ಒಂದರ ಹಿಂದೆ ನೀರಿನ ಪಂಪ್ ಕೋಣೆ, ಇನ್ನೊಂದರ ಹಿಂದೆ ಸೈಕಲ್ ನಿಲ್ಲಿಸುವ ಜಾಗ.

ಜೋಡಿ ಬಾಗಿಲು ಇದೆ. ಅದರ ಹಿಂದೆ ನೇರವಾಗಿ ಒಂದು ಸಣ್ಣ ಕಾರಿಡಾರ್, ಕೊನೆಗೆ ಬೆಂಕಿ ಬಿದ್ದಾಗ ಇಳಿದು ಬರುವ ಮೆಟ್ಟಿಲು. ಬಾಗಿಲು ಹೊರಗಡೆಗೆ ಮಾತ್ರ ತೆರೆಯುತ್ತೆ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ "ತುರ್ತು ನಿರ್ಗಮನ" ಅಂತ ಬರೆದಿದೆ.

ಕೆಂಪುಪೆನ್ಸಿಲ್

ಅನುಮತಿ ಹಂತದಲ್ಲಿದೆ ಅಂದಿರಲ್ಲ, ಆಕ್ಷೇಪಣೆ ಸಲ್ಲಿಸೋಕೆ ಕೊನೇ ದಿನ ಯಾವಾಗ?

ಹಳೇಕಮಾನು

ಇನ್ನೂ ಹನ್ನೊಂದು ದಿನ ಇದೆ. ಕೆಳಗಿನ ಮೂರಂತಸ್ತು 4.2 ಮೀಟರಿಗೇ ಇರಲಿ, ಲಿಫ್ಟ್ ಲಾಬಿ ಜೋಡಿ ಬಾಗಿಲ ಹಿಂದಕ್ಕೆ ಬರಲಿ, ಅಂಗಡಿ ಬಾಗಿಲು ತೆರೆಯಲಿ. ಈ ಮೂರನ್ನ ಬರೆದು ಕಳಿಸ್ತೀನಿ. ಸುಣ್ಣದ ಗಾರೆ ಅವರೇ, ಗಾರೆ ಬಗ್ಗೆ ಒಂದು ಪ್ಯಾರಾ ಬರೆದು ಕೊಡ್ತೀರಾ?

ಸುಣ್ಣದ_ಗಾರೆ

ಇವತ್ತು ರಾತ್ರಿಯೇ ಕೊಡ್ತೀನಿ. ಮೆಟ್ಟಿಲು ಮರದ್ದಾ ಕಲ್ಲಿನದ್ದಾ, ಅದನ್ನ ಮೊದಲು ನೋಡಿ ಹೇಳಿ.